ಮೊದಲ ನೀರು

ಕಸ್ಬಾ, ಕೋಲ್ಕತ್ತ
21 ಜುಲೈ 2024

ಪ್ರೀತಿಯ ಸುಗಂಧಿ ಅತ್ತೆಗೆ ದೀಕ್ಷಿತಾಳ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಮನೆಯೊಡತಿ ಮಾಶಿಮಾ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದರು. ಈ ಕಾಲದಲ್ಲಿ ಕಾಗದ ಬಂದರೆ ಅದು ಅಲಿಪುರದ ಕೋರ್ಟಿನ ನೋಟೀಸೇ ಆಗಿರಬೇಕು ಎಂದು ಅವರ ನಂಬಿಕೆ. ನನ್ನ ಸೋದರತ್ತೆ ಮೂವತ್ತೆರಡು ವರ್ಷ ಕುಂದಾಪುರದ ಅಂಚೆ ಕಚೇರಿಯಲ್ಲಿದ್ದವರು, ಈಗ ಕಿವಿ ಸ್ವಲ್ಪ ಮಂದ, ಫೋನಿನಲ್ಲಿ ಮಾತು ಕೇಳುವುದಿಲ್ಲ, ವಾಟ್ಸಾಪ್ ಎಂದರೆ ಉರಿದುಬೀಳುತ್ತಾರೆ ಎಂದೆಲ್ಲ ವಿವರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಮೀನಿನ ಮೊಟ್ಟೆ ಇಟ್ಟುಕೊಂಡು ನೀನು ಅಲ್ಲಿ ಮಾಡುವುದಾದರೂ ಏನು, ಕೇಳಿದವರಿಗೆ ಏನು ಹೇಳಲಿ ಎಂದು ಬರೆದಿದ್ದೀರಿ. ಹೇಳುತ್ತೇನೆ. ಇಲಿಶ್ ಎಂಬ ಮೀನು ಸಮುದ್ರದಲ್ಲಿ ಬೆಳೆದು ಮಳೆಗಾಲದಲ್ಲಿ ಮೊಟ್ಟೆಯಿಡಲು ಗಂಗೆಯೊಳಗೆ ಬರುತ್ತದೆ. ಆ ಮೊಟ್ಟೆಯಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಅದರಲ್ಲೊಂದು ಬ್ಯಾಕ್ಟೀರಿಯಾಗಳನ್ನು ಹತ್ತಿರ ಸೇರಿಸುವುದಿಲ್ಲ ಎಂದು ನಮ್ಮ ಅನುಮಾನ. ಆ ಒಂದನ್ನು ಉಳಿದವುಗಳಿಂದ ಬೇರೆ ಮಾಡಿ ತೆಗೆಯುವುದೇ ನನ್ನ ಪಿಎಚ್.ಡಿ.

ಅದಕ್ಕೆ ಬೇಕಾದದ್ದು ಉಪ್ಪು, ಅತ್ತೆ. ಮೊಟ್ಟೆ ಅರೆದ ರಸಕ್ಕೆ ಒಂದು ಬಗೆಯ ಉಪ್ಪನ್ನು ರಾಶಿ ಸುರಿದರೆ ಪ್ರೋಟೀನುಗಳು ನೀರಿನಲ್ಲಿ ನಿಲ್ಲಲಾರದೆ ತಳಕ್ಕಿಳಿಯುತ್ತವೆ. ಅದನ್ನು ತೆಗೆದು, ತೆಳುವಾದ ಚೀಲದಲ್ಲಿ ಕಟ್ಟಿ, ಸಪ್ಪೆ ನೀರಿನಲ್ಲಿಟ್ಟು, ನೀರು ಬದಲಾಯಿಸುತ್ತ ಉಪ್ಪು ಬಿಡಿಸಬೇಕು. ಆಮೇಲೆ ಕಾಲಮ್. ಅದೊಂದು ಗಾಜಿನ ಕೊಳವೆ, ಒಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಮಣಿಗಳು. ನೀರಿನಲ್ಲಿ ಉಪ್ಪು ಇಲ್ಲದಿದ್ದರೆ ಪ್ರೋಟೀನು ಆ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಬಳಿಕ ಮೇಲಿನಿಂದ ಉಪ್ಪುನೀರು ಬಿಡುತ್ತ, ಉಪ್ಪನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುತ್ತೇವೆ. ಸಡಿಲವಾಗಿ ಅಂಟಿದ್ದು ಬೇಗ ಬಿಟ್ಟು ಬರುತ್ತದೆ, ಹಟಮಾರಿಗಳು ಕೊನೆಗೆ. ಒಂದೊಂದಕ್ಕೂ ಅದರದೇ ಉಪ್ಪಿನ ಮಟ್ಟ. ಅವಸರಪಟ್ಟು ಒಂದೇ ಸಲ ಜಾಸ್ತಿ ಉಪ್ಪು ಬಿಟ್ಟರೆ ಎಲ್ಲವೂ ಒಟ್ಟಿಗೆ ಬಂದು ಸಂತೆಯಾಗುತ್ತದೆ.

ಗರಿಯಾಹಾಟ್ ಮಾರ್ಕೆಟ್ಟಿನ ಮೀನಿನವನಿಗೆ ನನ್ನನ್ನು ಕಂಡರೆ ನಗು. “ದಿದಿ, ಶುಧು ಡಿಮ್? ಮಾಛ್ ಟಾ ಕೇ ಖಾಬೆ?” ಎನ್ನುತ್ತಾನೆ. ಬರೀ ಮೊಟ್ಟೆ ಒಯ್ದರೆ ಮೀನು ತಿನ್ನುವವರು ಯಾರು ಎಂದು. ಮೀನು ಮಾಶಿಮಾ ತಿನ್ನುತ್ತಾರೆ, ಅವರಿಗೆ ಈ ಬಾಡಿಗೆದಾರಳ ಮೇಲೆ ಭಾರಿ ಪ್ರೀತಿ.

ಈ ವರ್ಷದ ಉಪ್ಪಿನ ಸೊಳೆ ಹಾಕಿದಿರಾ? ನೀವು ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆಯ ಪಲ್ಯ ನೆನೆದರೆ ಇಲ್ಲಿ ಬಾಯಲ್ಲಿ ನೀರು ಬರುತ್ತದೆ.

ನಿಮ್ಮ
ದೀಕ್ಷಿತಾ


ಕುಂದಾಪುರ
3 ಆಗಸ್ಟ್ 2024

ಚಿರಂಜೀವಿ ದೀಕ್ಷಿತಾಳಿಗೆ ಅತ್ತೆಯ ಆಶೀರ್ವಾದ, ಜೊತೆಗೆ ಒಂದು ಬೈಗುಳ.

ಪಿನ್‌ಕೋಡಿನ ಕೊನೆಯ ಎರಡು ಅಂಕಿ ತಪ್ಪು ಬರೆದಿದ್ದೀಯೆ. ನಿನ್ನ ಕಾಗದ ಬೈಂದೂರು ನೋಡಿಕೊಂಡು ಬಂದಿದೆ. ಅಂಚೆಯವಳ ಸೋದರಸೊಸೆಯಾಗಿ ಹೀಗೆ ಮಾಡಿದರೆ ಜನ ನನ್ನನ್ನು ನೋಡಿ ನಗುತ್ತಾರೆ. 576201. ಗೋಡೆಯ ಮೇಲೆ ಬರೆದಿಡು.

ಬರೆದದ್ದೆಲ್ಲ ತಿಳಿಯಿತು. ನನಗೆ ತಿಳಿಯುವ ಮೊದಲು ಕೆಳಗಿನ ಮನೆಯ ಇಂದಿರಾಳಿಗೆ ತಿಳಿಯಿತು. ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳಲ್ಲವೇ, ಎಲ್ಲ ನನಗೇ ಗೊತ್ತು ಎನ್ನುವ ಜಾತಿ. ಕಾಗದ ಓದಿ ಹೇಳಿದೆ, ಅವಳು “ಇದೆಂತದೇ ಸುಗಂಧಿ, ನಾವ್ ಸೊಳೆಗೆ ಮಾಡೂದೇ ಅಲ್ದಾ?” ಅಂದಳು. ಹೌದಲ್ಲ! ಉಪ್ಪು ಹಾಕಿ ಇಡುವುದು, ಬೇಕಾದಾಗ ಉಪ್ಪು ಬಿಡಿಸುವುದು. ಇದಕ್ಕೆ ಕೋಲ್ಕತ್ತದವರೆಗೆ ಹೋಗಬೇಕಿತ್ತೇ? ನಮ್ಮ ಜಗಲಿಯಲ್ಲೇ ಪಿಎಚ್.ಡಿ. ಆಗುತ್ತಿತ್ತು.

ಕ್ರಮ ಮರೆತಿರಬಹುದು, ಮತ್ತೆ ಬರೆಯುತ್ತೇನೆ. ಸೊಳೆಗೆ ಮೂರು ನೀರು. ಮೊದಲನೆಯದರಲ್ಲಿ ಅರ್ಧ ತಾಸು, ಎರಡನೆಯದರಲ್ಲಿ ಒಂದು ತಾಸು, ಮೂರನೆಯದರಲ್ಲಿ ಒಂದು ರಾತ್ರಿ. ಮೂರನೆಯ ನೀರಿಗೆ ಸೋಮಾರಿತನ ಮಾಡಿದವರ ಪಲ್ಯ ನಾಯಿಯೂ ಮೂಸುವುದಿಲ್ಲ. ಇನ್ನೊಂದು, ಮೊದಲ ನೀರನ್ನು ಕೂಡಲೇ ಚೆಲ್ಲಬಾರದು. ನಿನ್ನ ಅಜ್ಜಿ ಅದನ್ನು ಪಾತ್ರೆಯಲ್ಲಿ ಹಿಡಿದಿಟ್ಟು, ಊಟವೆಲ್ಲ ಮುಗಿದ ಮೇಲೆ ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ಅವಸರದಲ್ಲಿ ಸೊಳೆಯ ಚೂರು, ಒಮ್ಮೊಮ್ಮೆ ಕೈಯ ಉಂಗುರ, ಎಲ್ಲವೂ ಆ ನೀರಿನಲ್ಲೇ ಹೋಗುವುದು. ಕೆಲಸ ಮುಗಿಯುವವರೆಗೆ ಯಾವ ನೀರನ್ನೂ ನಂಬಿ ಚೆಲ್ಲಬೇಡ.

ಒಂದು ಕಿಲೋ ಸೊಳೆ ಪಾರ್ಸೆಲ್ ಮಾಡಿದ್ದೇನೆ. ಈ ಸಲ ಹಾಕಿದ ಕ್ರಮ ಸ್ವಲ್ಪ ಬೇರೆ. ಹೇಗಿದೆ ಎಂದು ಬರೆ, ಸುಳ್ಳು ಬರೆಯಬೇಡ.

ನಿನ್ನ ಅತ್ತೆ
ಸುಗಂಧಿ


ಕಸ್ಬಾ, ಕೋಲ್ಕತ್ತ
25 ಆಗಸ್ಟ್ 2024

ಪ್ರೀತಿಯ ಅತ್ತೆ,

ಪಾರ್ಸೆಲ್ ಬಂತು. ಸೊಳೆ ಬಹಳ ಚೆನ್ನಾಗಿತ್ತು. ಪಲ್ಯ ಮಾಡಿದೆ, ಮಾಶಿಮಾ ಎರಡು ಸಲ ಹಾಕಿಸಿಕೊಂಡರು. ನೀವು ಯಾವ ಹೊಸ ಕ್ರಮ ಮಾಡಿದಿರೋ ಗೊತ್ತಿಲ್ಲ, ಕೈರುಚಿ ಮಾತ್ರ ಹಳೆಯದೇ.

ಇಲ್ಲಿ ಕೆಲಸ ಭರದಿಂದ ನಡೆದಿದೆ. ಸಣ್ಣ ಸಣ್ಣ ಪ್ರಯೋಗಗಳಲ್ಲಿ ನನ್ನ ಪ್ರೋಟೀನು ಆ ಮೊಟ್ಟೆಯಲ್ಲಿ ಇದೆ ಎಂಬುದಂತೂ ಖಚಿತವಾಗಿದೆ, ಆದರೆ ಜೊತೆಗೆ ನಾಲ್ಕಾರು ನೆಂಟರನ್ನೂ ಎಳೆದುಕೊಂಡು ಬರುತ್ತದೆ. ಶುದ್ಧವಾಗಿ ಒಂಟಿಯಾಗಿ ಬರಬೇಕಾದರೆ ದೊಡ್ಡ ಪ್ರಮಾಣದಲ್ಲಿ ಒಂದೇ ಸಲ ಮಾಡಬೇಕು. ಆದ್ದರಿಂದ ನಲವತ್ತು ಮೀನಿನ ಮೊಟ್ಟೆ ಕೂಡಿಡುತ್ತಿದ್ದೇನೆ. ದುರ್ಗಾಪೂಜೆ ಮುಗಿದರೆ ಮೊಟ್ಟೆ ಇರುವ ಇಲಿಶ್ ಸಿಗುವುದಿಲ್ಲ. ವಿಜಯದಶಮಿಯಿಂದ, ಇಲ್ಲಿ ಮಾಘದಲ್ಲಿ ಬರುವ ಸರಸ್ವತಿ ಪೂಜೆಯವರೆಗೆ ಎಷ್ಟೋ ಮನೆಗಳಲ್ಲಿ ಆ ಮೀನು ತಿನ್ನುವುದೂ ಇಲ್ಲ. ಅಂದರೆ ನನಗಿರುವುದು ಒಂದೇ ಅವಕಾಶ. ಡಿಸೆಂಬರಿನೊಳಗೆ ಶುದ್ಧ ಪ್ರೋಟೀನು ತೋರಿಸಿದರೆ ಈ ವಿಷಯವೇ ಮುಂದುವರಿಯಲಿ, ಇಲ್ಲವಾದರೆ ಬೇರೆಯವರು ಅರ್ಧಕ್ಕೆ ಬಿಟ್ಟ ಕೆಲಸ ಹಿಡಿಯಬೇಕು ಎಂದು ನನ್ನ ಗೈಡ್ ಮೇಡಂ ಹೇಳಿದ್ದಾರೆ. ಮೂರು ವರ್ಷದ ಕೆಲಸ, ಅತ್ತೆ. ನನಗೆ ಈ ಮೀನಿನ ಮೇಲೆ ಮೋಹ ಬಂದುಬಿಟ್ಟಿದೆ.

ನಿಮ್ಮ ಅಭ್ಯಾಸ ನನಗೂ ಅಂಟಿದೆ. ಕಾಲಮ್ಮಿಗೆ ರಸ ಹಾಕಿದಾಗ ಅಂಟದೆ ಮೊದಲು ಹೊರಬರುವ ನೀರನ್ನು ಇಲ್ಲಿ ಕಸವೆಂದು ಚೆಲ್ಲುತ್ತಾರೆ. ನಾನು ಬಾಟಲಿಯಲ್ಲಿ ಹಿಡಿದು, ಕನ್ನಡದಲ್ಲಿ ‘ಮೊದಲ ನೀರು’ ಎಂದು ಚೀಟಿ ಅಂಟಿಸಿ ಕೋಲ್ಡ್ ರೂಮಿನಲ್ಲಿ ಇಡುತ್ತೇನೆ. ವಾರ ಕಳೆದ ಮೇಲೆ ಚೆಲ್ಲುತ್ತೇನೆ. ಇಲ್ಲಿ ತೆಂಗಿನ ಮರ ಇಲ್ಲದ್ದೊಂದೇ ಕೊರತೆ. ಲ್ಯಾಬಿನ ಜೊತೆಗಾತಿ ಪ್ರತೀಕ್ಷಾ ನನ್ನನ್ನು ವಿಚಿತ್ರ ಪ್ರಾಣಿ ನೋಡಿದಂತೆ ನೋಡುತ್ತಾಳೆ.

ನಿಮ್ಮ
ದೀಕ್ಷಿತಾ


ಕುಂದಾಪುರ
10 ಸೆಪ್ಟೆಂಬರ್ 2024

ಚಿ. ದೀಕ್ಷಿತಾ,

ಚೌತಿ ಚೆನ್ನಾಗಿ ಕಳೆಯಿತು. ನಿನ್ನ ಕಾಗದ ಹಬ್ಬದ ಮುನ್ನಾದಿನ ಬಂತು, ಕಡುಬಿಗಿಂತ ಅದೇ ಸಿಹಿಯಾಯಿತು. ಸೊಳೆ ಚೆನ್ನಾಗಿತ್ತು ಎಂದು ಬರೆದದ್ದನ್ನು ಇಂದಿರಾಳ ಎದುರು ಎರಡು ಸಲ ಓದಿದೆ. ಮೂರನೆಯ ಸಲ ಓದಲು ಹೊರಟಾಗ ಎದ್ದು ಹೋದಳು. ಈ ಸಲದ ಸೊಳೆ ಆಗಲಿಕ್ಕಿಲ್ಲ ಎಂದು ಭವಿಷ್ಯ ಹೇಳಿದವಳು ಅವಳೇ.

ನಿನ್ನ ಮಾತಿನ ಬಲದ ಮೇಲೆ ಉಳಿದ ಸೊಳೆಯನ್ನು ಸಣ್ಣ ಸಣ್ಣ ಭರಣಿಗೆ ತುಂಬಿ ನಾಲ್ಕು ಮನೆಗೆ ಹಬ್ಬಕ್ಕೆ ಕೊಟ್ಟೆ. ಬ್ಯಾಂಕಿನ ಅನಂತನ ಮನೆಗೂ ಕೊಟ್ಟೆ, ಅವನ ಹೆಂಡತಿಗೆ ಯಾವುದೂ ರುಚಿಸುವುದಿಲ್ಲ, ಇದಾದರೂ ರುಚಿಸಲಿ.

ನಲವತ್ತು ಮೀನು ಒಂದೇ ಸಲ ಎಂದು ಬರೆದಿದ್ದೀಯೆ. ನನಗೆ ಸ್ವಲ್ಪ ಹೆದರಿಕೆಯಾಯಿತು. ಆದರೆ ನೀನು ಓದಿದವಳು. ತಾಳಿದವನು ಬಾಳಿಯಾನು ಎಂಬುದೊಂದನ್ನು ಮಾತ್ರ ನೆನಪಿಟ್ಟುಕೋ.

ನನ್ನ ಆರೋಗ್ಯ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಲ್ಲುಗುಂಡಿನ ಹಾಗಿದ್ದೇನೆ. ಬೇರೆ ವಿಶೇಷವಿಲ್ಲ.

ಸುಗಂಧಿ ಅತ್ತೆ


ಕಸ್ಬಾ, ಕೋಲ್ಕತ್ತ
4 ಅಕ್ಟೋಬರ್ 2024

ಪ್ರೀತಿಯ ಅತ್ತೆ,

ಅವಸರದ ಕಾಗದ ಇದು. ನಲವತ್ತು ಮೀನಿನ ಮೊಟ್ಟೆ ಕೂಡಿತು! ನಲವತ್ತೊಂದನೆಯದನ್ನು ಮೀನಿನವನು ಹಬ್ಬದ ಉಡುಗೊರೆಯಾಗಿ ಸುಮ್ಮನೆ ಕೊಟ್ಟ. ನಾಲ್ಕು ದಿನ ಬಿಟ್ಟು, ಪಂಚಮಿಯ ದಿನ ಕಾಲಮ್ಮಿಗೆ ಹಾಕುತ್ತೇನೆ. ಅಂದೇ ಸಂಜೆ ಲ್ಯಾಬಿಗೆ ಪೂಜೆಯ ರಜೆ ಶುರು.

ಬೀದಿಬೀದಿಗೂ ಪೆಂಡಾಲು, ದೀಪ, ಢಾಕ್ ಎಂಬ ಡೋಲಿನ ಸದ್ದು. ಪ್ರತೀಕ್ಷಾ ನನಗೊಂದು ಕೆಂಪಂಚಿನ ಸೀರೆ ತಂದುಕೊಟ್ಟಿದ್ದಾಳೆ. ರಾತ್ರಿಯಿಡೀ ಠಾಕುರ್ ನೋಡಲು ಹೋಗಬೇಕಂತೆ, ಅಂದರೆ ದೇವಿಯನ್ನು. ರಿಸಲ್ಟ್ ಬಂದ ಕೂಡಲೇ ನಿಮಗೆ ಬರೆಯುತ್ತೇನೆ. ನಿಮಗೇ ಮೊದಲು.

ದೀಕ್ಷಿತಾ


ಕುಂದಾಪುರ
24 ಅಕ್ಟೋಬರ್ 2024

ಚಿ. ದೀಕ್ಷಿತಾ,

ನವರಾತ್ರಿ ಮುಗಿದು ಹನ್ನೆರಡು ದಿನವಾಯಿತು. ನಿಮಗೇ ಮೊದಲು ಎಂದವಳ ಕಾಗದ ಇನ್ನೂ ಇಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ಈಚೆ ಬೀದಿ ಬಿಟ್ಟು ಆಚೆ ಬೀದಿಯಲ್ಲಿ ಹೋಗುತ್ತಾನೆ. ಅವನಿಗೆ ಕೆಲಸ ಕಲಿಸಿದವಳೇ ನಾನು.

ನಿನ್ನ ಅಪ್ಪನಿಗೆ ಫೋನು ಮಾಡಿಸಿದೆ. ಹುಷಾರಾಗಿದ್ದಾಳೆ, ಕೆಲಸ ಜಾಸ್ತಿ ಅಂದನಂತೆ. ಕೆಲಸ ಜಾಸ್ತಿ ಎಂಬುದು ನಮ್ಮ ಕಚೇರಿಯಲ್ಲಿ ‘ವಿಳಾಸದಾರರು ಮನೆಯಲ್ಲಿಲ್ಲ’ ಎಂದು ಬರೆದ ಹಾಗೆ. ಒಳಗೆ ಇದ್ದಾರೆ, ಬಾಗಿಲು ತೆಗೆಯುವುದಿಲ್ಲ ಎಂದು ಅರ್ಥ.

ಸೊಳೆಯ ವಿಷಯದಲ್ಲಿ ನಿನಗೆ ಬೇಸರವಾಯಿತೇ? ಇಲ್ಲಿ ಒಬ್ಬಿಬ್ಬರು ಏನೇನೋ ಹೇಳುತ್ತಿದ್ದಾರೆ. ನಿನಗೂ ಹಾಗೆ ಅನ್ನಿಸಿದ್ದರೆ ಹೇಳು. ಅಥವಾ ಆ ಊರಿನಲ್ಲಿ ಯಾರಾದರೂ ಹುಡುಗ ಇದ್ದರೆ ಅದನ್ನಾದರೂ ಹೇಳು. ಸುಮ್ಮನಿರಬೇಡ.

ಸುಗಂಧಿ ಅತ್ತೆ


(ಪೋಸ್ಟ್ ಕಾರ್ಡ್)

ಕುಂದಾಪುರ
5 ನವೆಂಬರ್ 2024

ದೀಕ್ಷಿತಾ, ಕವರಿನ ಯೋಗ್ಯತೆ ನಿನಗಿಲ್ಲ ಎಂದು ಕಾರ್ಡು ಬರೆಯುತ್ತಿದ್ದೇನೆ. ಎಲ್ಲರೂ ಓದಲಿ. ದೀಪಾವಳಿಗೂ ಒಂದು ಸಾಲು ಇಲ್ಲ. ನಾನಂತೂ ಚೆನ್ನಾಗಿಯೇ ಇದ್ದೇನೆ. ಸು. ಅತ್ತೆ.

(ಕಾರ್ಡಿನ ಅಂಚಿನಲ್ಲಿ, ಬೇರೆ ಕೈಬರಹದಲ್ಲಿ) ಇದನ್ನು ಡಬ್ಬಿಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾಳೆ. ಚೆನ್ನಾಗಿರುವುದು ಸುಳ್ಳು. ಮೇ ತಿಂಗಳಿಂದ ಬಿ.ಪಿ. ಇದೆ, ಡಾಕ್ಟರು ಉಪ್ಪು ಬಿಡಿಸಿದ್ದಾರೆ. ನಿನಗೆ ತಿಳಿಸಬಾರದಂತೆ. ತಾನೂ ತಿನ್ನಬಹುದು ಎಂದು ಈ ಸಲ ಸೊಳೆಯನ್ನು ಅರ್ಧ ಉಪ್ಪಿನಲ್ಲಿ ಹಾಕಿದ್ದಾಳೆ. ಕೊಟ್ಟ ಮನೆಗಳಿಂದ ಭರಣಿಗಳು ಒಂದೊಂದಾಗಿ ವಾಪಸ್ ಬರುತ್ತಿವೆ. ಬೇಗ ಬರೆ. ಇಂದಿರಾ.


ಕಸ್ಬಾ, ಕೋಲ್ಕತ್ತ
14 ನವೆಂಬರ್ 2024

ಪ್ರೀತಿಯ ಅತ್ತೆ,

ಉಪ್ಪು ತಿಂದವರು ನೀರು ಕುಡಿಯಲೇಬೇಕು. ನಾನೀಗ ಕುಡಿಯುತ್ತಿದ್ದೇನೆ.

ಮೊದಲು ಸಣ್ಣ ಸುಳ್ಳು. ಆಗಸ್ಟಿನಲ್ಲಿ ಬಂದ ಸೊಳೆಯ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು. ಮಾಶಿಮಾ ಮೂಗು ಮುಚ್ಚಿಕೊಂಡು ಅದನ್ನು ಹಿತ್ತಿಲ ತೊಟ್ಟಿಗೆ ಹಾಕಿದರು. ನಿಮಗೆ ನೋವಾಗುತ್ತದೆಂದು ಚೆನ್ನಾಗಿತ್ತು ಎಂದು ಬರೆದೆ. ಆ ಮಾತನ್ನು ನಂಬಿ ನೀವು ನಾಲ್ಕು ಮನೆಗೆ ಹಂಚಿದಿರಿ. ಆ ಕಾಗದ ಓದಿದಾಗಲೇ ಬರೆಯಬೇಕಿತ್ತು, ಧೈರ್ಯವಾಗಲಿಲ್ಲ.

ಈಗ ದೊಡ್ಡದು. ಪಂಚಮಿಯ ದಿನ ಪ್ರೋಟೀನು ಚೀಲದಲ್ಲಿ ಉಪ್ಪು ಬಿಡುತ್ತಿತ್ತು. ಬೆಳಿಗ್ಗೆ ಒಂದು ನೀರು, ಮಧ್ಯಾಹ್ನ ಇನ್ನೊಂದು. ಮೂರನೆಯ ನೀರಿನಲ್ಲಿ ರಾತ್ರಿಯಿಡೀ ಇರಬೇಕಿತ್ತು. ಮೂರು ಗಂಟೆಗೆ ಗಾರ್ಡ್ ಬಂದು, ಸಂಜೆ ಏಳಕ್ಕೆ ಕೋಲ್ಡ್ ರೂಮ್ ಒಂದನ್ನು ಬಿಟ್ಟು ಎಲ್ಲ ಯಂತ್ರಗಳ ಕರೆಂಟು ತೆಗೆಯುತ್ತೇವೆ, ದಶಮಿಯ ನಂತರದ ಹುಣ್ಣಿಮೆಯ ಲಕ್ಷ್ಮೀಪೂಜೆ ಕಳೆಯುವವರೆಗೆ ಬೀಗ ಎಂದ. ಕೆಳಗೆ ಢಾಕು ಬಡಿಯುತ್ತಿತ್ತು. ಪ್ರತೀಕ್ಷಾ ಸೀರೆ ಉಟ್ಟು ನಿಂತಿದ್ದಳು. ಮೂರನೆಯ ನೀರು ಬಿಟ್ಟುಬಿಟ್ಟೆ, ಅತ್ತೆ. ಅಷ್ಟನ್ನೂ ಹಾಗೆಯೇ ಕಾಲಮ್ಮಿಗೆ ಹಾಕಿದೆ. ಹೊರಬರುವ ಪ್ರೋಟೀನನ್ನು ತೋರಿಸುವ ಗ್ರಾಫಿನಲ್ಲಿ ಶುರುವಿನಲ್ಲೇ ದೊಡ್ಡದೊಂದು ಗುಡ್ಡ ಎದ್ದಿತು, ಆಮೇಲೆ ಉಪ್ಪು ಏರಿಸಿದಷ್ಟೂ ಗೆರೆ ಚಪ್ಪಟೆ. ಬೇಡದ ಪ್ರೋಟೀನು ಮೊದಲೇ ಹೋಯಿತು, ನನ್ನದು ಸ್ವಲ್ಪವೇ ಇರಬೇಕು, ರಜೆ ಮುಗಿದ ಮೇಲೆ ಪರೀಕ್ಷೆ ಮಾಡಿದರಾಯಿತು ಎಂದು ಸಮಾಧಾನ ಹೇಳಿಕೊಂಡು ಪೆಂಡಾಲು ನೋಡಲು ಹೋದೆ.

ರಜೆಯ ನಂತರ ಒಂದೊಂದು ಟ್ಯೂಬನ್ನೂ ಪರೀಕ್ಷಿಸಿದೆ. ಯಾವುದರಲ್ಲೂ ಏನೂ ಇಲ್ಲ. ಚೀಲದಲ್ಲಿ ಉಳಿದಿದ್ದ ಹನಿಯನ್ನು ಅಳೆದು ನೋಡಿದೆ, ಉಪ್ಪೋ ಉಪ್ಪು. ಅಷ್ಟು ಉಪ್ಪಿದ್ದರೆ ಪ್ರೋಟೀನು ಮಣಿಗೆ ಅಂಟುವುದೇ ಇಲ್ಲ, ನೇರ ಮೊದಲ ನೀರಿನ ಜೊತೆ ಹೊರಟುಹೋಗುತ್ತದೆ. ಆ ಗುಡ್ಡವೇ ನನ್ನ ಮೂರು ವರ್ಷ. ಪ್ರತಿ ವರ್ಷ ರಜೆಗೆ ಮುಂಚೆ ಕೋಲ್ಡ್ ರೂಮಿನಿಂದ ಬೇಡದ್ದನ್ನೆಲ್ಲ ತೆಗೆದು ಚೆಲ್ಲುವ ಪದ್ಧತಿ. ಈ ಸಲದ ಸರದಿ ಪ್ರತೀಕ್ಷಾಳದು, ಪಂಚಮಿಯಂದು ಆಗದೆ ಷಷ್ಠಿಯ ಬೆಳಿಗ್ಗೆ ಗಾರ್ಡಿನಿಂದ ಬೀಗ ತೆಗೆಸಿ ಮಾಡಿ ಮುಗಿಸಿದಳಂತೆ. ಅವಳನ್ನು ಕೇಳಲಿಲ್ಲ. ಕೇಳಿದರೆ ಎಲ್ಲ ಹೇಳಬೇಕಾಗುತ್ತದೆ. ಮೇಡಂಗೂ ಹೇಳಿಲ್ಲ, ಲೆಕ್ಕ ಬರೆಯುತ್ತಿದ್ದೇನೆ ಎಂದು ನೆಪ ಹೇಳುತ್ತ ಒಂದು ತಿಂಗಳು ಕಳೆದೆ. ಈ ತಿಂಗಳ ಕೊನೆಗೆ ಹೇಳಿ, ಬೇರೆ ಕೆಲಸ ಕೊಡಿ ಎನ್ನುತ್ತೇನೆ.

ನನಗೆ ಅಳು ಬಂದದ್ದು ಮಾತ್ರ ಇಂದಿರಕ್ಕ ಬರೆದದ್ದನ್ನು ಓದಿದಾಗ. ಐದು ಕಾಗದ ಬರೆದು ಕಲ್ಲುಗುಂಡು ಎಂದಿರಲ್ಲ ಅತ್ತೆ, ನನಗೆ ಯಾಕೆ ಹೇಳಲಿಲ್ಲ?

ದೀಕ್ಷಿತಾ


(ಸ್ಪೀಡ್ ಪೋಸ್ಟ್)

ಕುಂದಾಪುರ
20 ನವೆಂಬರ್ 2024

ಚಿ. ದೀಕ್ಷಿತಾ,

ಐದಲ್ಲ, ನಾಲ್ಕು ಕಾಗದ. ಕಾರ್ಡು ಕಾಗದವಲ್ಲ. ನಿನಗೆ ನಾನು ಹೇಳಲಿಲ್ಲ, ನನಗೆ ನೀನು ಹೇಳಲಿಲ್ಲ. ಒಂದೇ ಮನೆತನದವರು, ಬೇರೆ ಹೇಗಿರುತ್ತೇವೆ?

ಬೂಷ್ಟಿನ ಸುದ್ದಿ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂದು ಇಂದಿರಾಳನ್ನು ಕೂಗಿದೆ. ಅವಳು “ನಾ ಆಗಳೇ ಹೇಳಿದ್ನಲೇ” ಅಂದಳು. ಉಪ್ಪನ್ನು ಒಂದೇ ಸಲ ಬಿಟ್ಟೆ, ಮಗಾ. ನಾಲ್ಕನೆಯ ದಿನ ಕದ್ದು ಒಂದು ಮಿಡಿ ಉಪ್ಪಿನಕಾಯಿ ತಿಂದು ಸಿಕ್ಕಿಬಿದ್ದೆ. ಎಲ್ಲರೂ ತಿನ್ನುವ ಸೊಳೆಯನ್ನು ನಾನೂ ಎರಡು ತಿನ್ನಬೇಕು ಎಂಬ ಆಸೆಗೆ ಅರ್ಧ ಉಪ್ಪು ಹಾಕಿದೆ. ಬಾಯಿಗೆ ಹಾಕಿ ನೋಡಲಿಕ್ಕೂ ಇಂದಿರಾ ಬಿಡಲಿಲ್ಲ, ಅಂದಾಜು ಪೂರಾ ಕೈತಪ್ಪಿತು. ಅನಂತನ ಹೆಂಡತಿ ಭರಣಿಯನ್ನು ತೊಳೆದು, ಒಳಗೆ ಒಂದು ನಿಂಬೆಹಣ್ಣು ಇಟ್ಟು ವಾಪಸ್ ಕಳುಹಿಸಿದ್ದಾಳೆ. ಅದರ ಅರ್ಥ ಇನ್ನೂ ಹುಡುಕುತ್ತಿದ್ದೇನೆ.

ಈಗ ಮುಖ್ಯ ವಿಷಯ. ನಿನ್ನ ಆಗಸ್ಟ್ 25ರ ಕಾಗದ ನನ್ನ ಮುಂದೆ ಇದೆ. ವಾಟ್ಸಾಪ್ ಆಗಿದ್ದರೆ ಇರುತ್ತಿತ್ತೇ? ಮೊದಲ ನೀರನ್ನು ಬಾಟಲಿಯಲ್ಲಿ ಹಿಡಿದು ಚೀಟಿ ಅಂಟಿಸಿ ಇಡುತ್ತೇನೆ ಎಂದು ಬರೆದಿದ್ದೀಯೆ. ಪಂಚಮಿಯ ದಿನವೂ ಇಟ್ಟಿರಬೇಕು, ಅಭ್ಯಾಸದ ಕೈ ಸುಮ್ಮನಿರುವುದಿಲ್ಲ. ಆ ಬಾಟಲಿ ಎಲ್ಲಿ? ಪ್ರತೀಕ್ಷಾ ಚೆಲ್ಲಿದಳು ಎಂದು ನೀನು ನೋಡಿದ್ದೀಯೋ, ಅಂದುಕೊಂಡಿದ್ದೀಯೋ? ಮೂವತ್ತೆರಡು ವರ್ಷದಲ್ಲಿ ಕಳೆದುಹೋಯಿತು ಎಂದು ಜನ ಅಳುತ್ತ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಪಾಟಿನ ಹಿಂದೆಯೇ ಸಿಕ್ಕಿವೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಒಬ್ಬಳು. ನೀನು ಹುಡುಕಲೂ ಇಲ್ಲ.

ತಿಂಗಳಾಯಿತು, ಸಿಕ್ಕರೂ ಕೆಟ್ಟಿರುತ್ತದೆ ಎನ್ನಬೇಡ. ಉಪ್ಪು ಕಡಿಮೆಯಾದದ್ದಕ್ಕೆ ನನ್ನ ಸೊಳೆ ಕೆಟ್ಟಿತು. ನಿನ್ನದರಲ್ಲಿ ಉಪ್ಪು ಜಾಸ್ತಿ ಎಂದು ನೀನೇ ಬರೆದಿದ್ದೀಯೆ. ಉಪ್ಪಿನಲ್ಲಿ ಬಿದ್ದದ್ದು ಅಷ್ಟು ಬೇಗ ಹಾಳಾಗುವುದಿಲ್ಲ. ಪ್ರತೀಕ್ಷಾಳನ್ನು ಕೇಳು. ಈ ಕಾಗದ ಓದಿದ ಕೂಡಲೇ, ಚಪ್ಪಲಿ ಹಾಕಿಕೊಂಡು ಹೋಗು.

ಸುಗಂಧಿ ಅತ್ತೆ


ಕಸ್ಬಾ, ಕೋಲ್ಕತ್ತ
3 ಡಿಸೆಂಬರ್ 2024

ನನ್ನ ಅತ್ತೆ, ನನ್ನ ಸುಗಂಧಿ ಅತ್ತೆ,

ಸಿಕ್ಕಿತು!

ನಿಮ್ಮ ಕಾಗದ ಓದಿ ಆಟೋ ಹಿಡಿದು ಹೋದೆ. ಪ್ರತೀಕ್ಷಾಳನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ಕೈಹಿಡಿದು ಕೋಲ್ಡ್ ರೂಮಿಗೆ ಎಳೆದುಕೊಂಡು ಹೋದಳು. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಒಂದು ಮೂಲೆಯಲ್ಲಿ, ಒಂಟಿಯಾಗಿ ನನ್ನ ಬಾಟಲಿ. ಅದರ ಮುಂದೆ ಒಂದು ಒಣಗಿದ ಚೆಂಡುಹೂವು. “ಆಮಿ ಭಾಬ್ಲಾಮ್ ತೋರ್ ಠಾಕುರೇರ್ ಜೊಲ್,” ಅಂದಳು. ಕನ್ನಡದ ಚೀಟಿ ಓದಲು ಬರದೆ, ಇದು ನನ್ನ ದೇವರ ತೀರ್ಥವಿರಬೇಕು ಎಂದುಕೊಂಡಳಂತೆ! ಉಳಿದದ್ದನ್ನೆಲ್ಲ ಚೆಲ್ಲಿ, ಅದನ್ನೊಂದನ್ನು ಕಾಲು ತಾಗದಂತೆ ಮೇಲೆ ಎತ್ತಿಟ್ಟು, ಪೂಜೆಯ ದಿನವಲ್ಲವೇ ಎಂದು ಹೂವನ್ನೂ ಇಟ್ಟಿದ್ದಾಳೆ. ನಾನು ಅಲ್ಲೇ ಆ ಚಳಿಯಲ್ಲಿ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಕೆಟ್ಟಿರಲಿಲ್ಲ. ಸ್ವಲ್ಪ ಶಕ್ತಿ ಕುಂದಿತ್ತು, ಅಷ್ಟೇ. ಮತ್ತೆ ಚೀಲದಲ್ಲಿ ಕಟ್ಟಿದೆ. ಮೊದಲ ನೀರು, ಎರಡನೆಯ ನೀರು, ಮೂರನೆಯ ನೀರು ಒಂದು ಇಡೀ ರಾತ್ರಿ. ಬೆಳಿಗ್ಗೆ ಉಪ್ಪು ಅಳೆದು ನೋಡಿ ಕಾಲಮ್ಮಿಗೆ ಹಾಕಿದೆ. ಈ ಸಲ ಅಂಟಿತು. ಉಪ್ಪನ್ನು ನಿಧಾನವಾಗಿ ಏರಿಸುತ್ತ ಹೋದೆವು. ಒಂದೆರಡು ಸಣ್ಣ ಗುಡ್ಡ ಬಂದು ಹೋದವು. ಲೀಟರಿಗೆ ಹದಿನೇಳು ಗ್ರಾಂ ಮುಟ್ಟಿದಾಗ ಗೆರೆ ನೆಟ್ಟಗೆ ಎದ್ದಿತು. ಒಂದೇ ಒಂದು, ಯಾವ ನೆಂಟರೂ ಇಲ್ಲದೆ. ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಒಂದು ಹನಿ ಹಾಕಿದರೆ ಸುತ್ತ ಏನೂ ಬೆಳೆಯಲಿಲ್ಲ.

ಹದಿನೇಳು ಗ್ರಾಂ ಎಂದರೆ ಸಮುದ್ರದ ನೀರಿನ ಅರ್ಧದಷ್ಟು ಉಪ್ಪು, ಅತ್ತೆ. ಸಮುದ್ರ ಬಿಟ್ಟು ಗಂಗೆಗೆ ಬರುವ ಮೀನು ದಾಟುವ ಅಳಿವೆಯ ನೀರಿನ ಹಾಗೆ. ಇದನ್ನು ಮೇಡಂಗೆ ಹೇಳಿದೆ. “ಕಾಕತಾಳೀಯ, ಥೀಸಿಸ್‌ನಲ್ಲಿ ಬರೆಯಬೇಡ” ಅಂದರು. ನಿಮಗೆ ಬರೆಯಬಾರದು ಎಂದೇನೂ ಹೇಳಲಿಲ್ಲ.

ಮೇಡಂ ಮೂರನೆಯ ನೀರು ಬಿಟ್ಟದ್ದಕ್ಕೆ ಮತ್ತು ಒಂದು ತಿಂಗಳು ಮುಚ್ಚಿಟ್ಟದ್ದಕ್ಕೆ ಅರ್ಧ ಗಂಟೆ ಬೈದರು. ಆಮೇಲೆ ಎಲ್ಲರಿಗೂ ಮಿಷ್ಟಿ, ಅಂದರೆ ಸಿಹಿತಿಂಡಿ, ತರಿಸಿದರು. ವಿಷಯ ಬದಲಾಯಿಸುವ ಮಾತು ಮುಗಿಯಿತು, ಮುಂದಿನ ಮಳೆಗಾಲಕ್ಕೆ ಎಂಬತ್ತು ಮೀನು. ಕೆಲಸ ಮುಗಿಯುವವರೆಗೆ ಮೊದಲ ನೀರು ಚೆಲ್ಲಬಾರದು ಎಂದು ಲ್ಯಾಬಿನ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದರ ಹೆಸರು ‘ಸುಗಂಧಿ ರೂಲ್’. ನಿಜವಾಗಿಯೂ. ಫೋಟೋ ಪ್ರಿಂಟ್ ಹಾಕಿಸಿ ಈ ಕವರಿನಲ್ಲೇ ಇಟ್ಟಿದ್ದೇನೆ.

ಬಾಟಲಿಯ ಚೀಟಿಯನ್ನು ಬಿಡಿಸಿ ಇದರ ಜೊತೆಗೇ ಕಳುಹಿಸುತ್ತಿದ್ದೇನೆ. ಪಾರ್ಸೆಲ್ಲಿನಲ್ಲಿ ಒಂದು ಸಣ್ಣ ಉಪಕರಣ ಬರುತ್ತದೆ, ಕಾಲೇಜ್ ಸ್ಟ್ರೀಟಿನಲ್ಲಿ ಕೊಂಡದ್ದು. ಅದರ ಗಾಜಿನ ಮೇಲೆ ಒಂದು ಹನಿ ಉಪ್ಪುನೀರು ಹಾಕಿ, ದುರ್ಬೀನಿನಂತೆ ಬೆಳಕಿನ ಕಡೆ ಹಿಡಿದು ನೋಡಿದರೆ ಎಷ್ಟು ಉಪ್ಪಿದೆ ಎಂದು ಕಾಣುತ್ತದೆ. ಬಾಯಿಗೆ ಹಾಕಿ ನೋಡಬೇಕಿಲ್ಲ. ಇಂದಿರಕ್ಕನ ಪೋಲೀಸು ಕಣ್ಣಿಗೂ ತೊಂದರೆಯಿಲ್ಲ.

ಇನ್ನು ಮುಂದೆ ನಿಮ್ಮ ಬಿ.ಪಿ. ಎಷ್ಟು ಎಂದು ಪ್ರತಿ ಕಾಗದದ ಮೊದಲ ಸಾಲಿನಲ್ಲಿ ಬರೆಯಬೇಕು. ಪಿನ್‌ಕೋಡಿನ ಹಾಗೆ.

ನಿಮ್ಮ
ದೀಕ್ಷಿತಾ


ಕುಂದಾಪುರ 576201
8 ಜೂನ್ 2025

ಚಿ. ದೀಕ್ಷಿತಾ,

130, 84. ಇಂದಿರಾ ನಿನ್ನೆ ನೋಡಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದಾಳೆ. ಉಪ್ಪನ್ನು ಈಗ ನಿನ್ನ ಕಾಲಮ್ಮಿನ ಕ್ರಮದಲ್ಲಿ ಬಿಡುತ್ತಿದ್ದೇನೆ, ಆದರೆ ತಿರುಗುಮುರುಗಾಗಿ. ಡಿಸೆಂಬರಿನಿಂದ ತಿಂಗಳಿಗೊಂದು ಚಿಟಿಕೆ ಇಳಿಸುತ್ತ, ಈಗ ಡಾಕ್ಟರು ಹೇಳಿದ ಮಟ್ಟಕ್ಕೆ ಬಂದು ನಿಂತಿದ್ದೇನೆ. ನಾಲಿಗೆಗೆ ಗೊತ್ತೇ ಆಗಲಿಲ್ಲ. ಮೊನ್ನೆ ಅನಂತನ ಮನೆಯಲ್ಲಿ ಊಟ ಮಾಡಿದೆ, ಅವರ ಸಾರು ನನಗೇ ಉಪ್ಪುಪ್ಪಾಯಿತು. ಹೇಳಿಯೇ ಬಂದೆ. ನಿಂಬೆಹಣ್ಣಿನ ಲೆಕ್ಕ ಚುಕ್ತಾ.

ಈ ವರ್ಷದ ಸೊಳೆ ಹಾಕಿದೆ. ನಿನ್ನ ದುರ್ಬೀನಿನಲ್ಲಿ ನೋಡಿ ನೋಡಿ, ಗೆರೆ ನೂರಕ್ಕೆ ಹದಿನೆಂಟು ಎಂಬಲ್ಲಿಗೆ ಬಂದ ಮೇಲೆಯೇ ಭರಣಿಯ ಬಾಯಿ ಕಟ್ಟಿದೆ. ಒಂದು ಹನಿಯೂ ನಾಲಿಗೆಗೆ ತಾಗಿಸಲಿಲ್ಲ. ಬೀದಿಯ ಹೆಂಗಸರೆಲ್ಲ ಸಾಲುಗಟ್ಟಿ ನಿಂತು ನೋಡಿದರು. ಪೋಸ್ಟ್‌ಮ್ಯಾನ್ ಕೂಡ ಸೈಕಲ್ ನಿಲ್ಲಿಸಿ ನೋಡಿದ. ಅವನಿಗೆ ನಿನ್ನ ‘ಸುಗಂಧಿ ರೂಲ್’ ಫೋಟೋ ಕೂಡ ತೋರಿಸಿದೆ, ನಾಲ್ಕನೆಯ ಸಲವಂತೆ. ಇರಲಿ. ಮೂವತ್ತೆರಡು ವರ್ಷ ಬೇರೆಯವರು ಮಾಡಿದ ರೂಲಿನಲ್ಲಿ ಕೆಲಸ ಮಾಡಿದವಳಿಗೆ ತನ್ನ ಹೆಸರಿನದೊಂದು ಸಿಕ್ಕಿದರೆ ಸುಮ್ಮನಿರಲು ಆಗುತ್ತದೆಯೇ? ನನಗೆ ಬಹಳ ಸಂತೋಷವಾಗಿದೆ, ಮಗಾ. ಯಾರಿಗೂ ಹೇಳದೆ ಒಂದೆರಡು ಸಲ ಅತ್ತೂ ಇದ್ದೇನೆ.

ನನಗೆಂದು ಒಂದು ಸಣ್ಣ ಡಬ್ಬಿ ಬೇರೆ, ಅರ್ಧ ಉಪ್ಪಿನದು, ಇಂದಿರಾಳ ಫ್ರಿಜ್ಜಿನಲ್ಲಿ. ಮೂರು ನೀರು ಬದಲಾಯಿಸಿ ವಾರಕ್ಕೆ ಎರಡು ಸೊಳೆ, ಅವಳ ಎದುರೇ ಕುಳಿತು ತಿನ್ನುವುದು.

ದೊಡ್ಡ ಭರಣಿ ನಿನಗೆ. ಈ ಸಲ ಪಾರ್ಸೆಲ್ ಮಾಡುವುದಿಲ್ಲ. ಎಂಬತ್ತು ಮೀನು ಮುಗಿಸಿ, ಪೂಜೆಯ ರಜೆಗೆ ಇಲ್ಲಿಗೇ ಬಾ, ಪ್ರತೀಕ್ಷಾಳನ್ನೂ ಕರೆದುಕೊಂಡು ಬಾ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು, ನೀನು ಕಳುಹಿಸಿದ ‘ಮೊದಲ ನೀರು’ ಚೀಟಿಯನ್ನು ಅದರ ಮೇಲೆ ಅಂಟಿಸಿ, ಎದುರಿಗೆ ಒಂದು ಚೆಂಡುಹೂವು ಇಟ್ಟಿದ್ದೇನೆ. ಅನಂತನ ಹೆಂಡತಿ ಬಂದವಳು, “ಇದ್ ಎಂತದ್, ಸುಗಂಧಕ್ಕ?” ಅಂತ ಕೇಳಿದಳು.

ಕೋಲ್ಕತ್ತದ ತೀರ್ಥ ಅಂದೆ. ಕೈಮುಗಿದು ಹೋದಳು.

ನಿನ್ನ ಅತ್ತೆ
ಸುಗಂಧಿ